ಹುಣ್ಣಿಮೆ ಮೂರು ಗಂಟೆ ಎಂಟು ನಿಮಿಷದವರೆಗೆ

ನಮ್ಮ ಟ್ರಾವೆಲ್ಸಿನ ರವಿಕುಮಾರ್ ಸಾರ್ ಅಚ್ಚು ಹಾಕಿಸಿರುವ ಕರಪತ್ರದಲ್ಲಿ ಸೂರ್ಯ ಸಮುದ್ರದೊಳಗೆ ಮುಳುಗುವ ಚಿತ್ರವಿದೆ. ನಾವು ಜನರನ್ನು ಕರೆದುಕೊಂಡು ಹೋಗುವುದು ಚೆನ್ನೈ ಕಡೆಯ ಕಡಲಿಗೆ. ಅಲ್ಲಿ ಸೂರ್ಯ ನೀರಿನಿಂದ ಹುಟ್ಟುತ್ತಾನೆ, ನೀರಿಗೆ ಬೀಳುವುದಿಲ್ಲ. ಇದು ತಿಳಿಯಲು ಒಂಬತ್ತನೇ ಕ್ಲಾಸು ಪಾಸಾಗಿರಬೇಕಿಲ್ಲ. ನಾನು ಆಗಿಲ್ಲ, ಆದರೂ ಹೇಳಿದೆ.

"ಲೇ ಲೋಹಿತಾ, ಜನ ಚಿತ್ರ ನೋಡಿ ಬರ್ತಾರೆ ಕಣೋ, ದಿಕ್ಕು ನೋಡಿ ಅಲ್ಲ" ಅಂದರು ಸಾರ್.

ಪ್ರತಿ ಹುಣ್ಣಿಮೆಗೆ ಒಂದು ಟ್ರಿಪ್ಪು. ಬೆಳಗ್ಗೆ ಐದಕ್ಕೆ ಚಾಮರಾಜಪೇಟೆಯ ನಮ್ಮ ಆಫೀಸಿನಿಂದ ಮಿನಿ ಬಸ್ಸು ಹೊರಡುತ್ತದೆ. ಶಂಕರಪುರಂ, ಬಸವನಗುಡಿಯಲ್ಲಿ ಜನರನ್ನು ಹತ್ತಿಸಿಕೊಂಡು ಕೋಲಾರದ ಕಡೆಯ ಒಂದು ದ್ರಾಕ್ಷಿ ತೋಟಕ್ಕೆ, ಅಲ್ಲೇ ಇರುವ ವೈನ್ ಕಾರ್ಖಾನೆಗೆ. ಅಲ್ಲಿಂದ ಸೀದಾ ಸಮುದ್ರ. ಎರಡು ಬೀಚು ತೋರಿಸಿ, ಸಂಜೆ ಚಂದ್ರ ನೀರಿನಿಂದ ಎದ್ದು ಬರುವುದನ್ನು ನೋಡಿಸಿ ವಾಪಸ್ಸು. ಓಬಳಪ್ಪ ಬಸ್ಸು ಓಡಿಸುತ್ತಾನೆ, ನಾನು ಮೈಕು ಹಿಡಿದು ಮಾತಾಡುತ್ತೇನೆ. ಇದ್ದ ಕೆರೆಗಳನ್ನೆಲ್ಲ ನುಂಗಿ ಕೂತ ಊರು ನಮ್ಮದು. ಈಗ ಒಂದು ದಿನಕ್ಕೆ ಏಳುನೂರು ಕಿಲೋಮೀಟರ್ ತಿರುಗಿ ನೀರು ನೋಡಿ ಬರುತ್ತೇವೆ. ಅದನ್ನು ಮೈಕಿನಲ್ಲಿ ಹೇಳುವಂತಿಲ್ಲ.

ಮಾಘ ಮಾಸದ ಹುಣ್ಣಿಮೆಯ ದಿನ ಶಂಕರಪುರಂನ ಒಂದು ಮನೆಯ ಮುಂದೆ ಬಸ್ಸು ನಿಂತಿತು. ಗೇಟಿನ ಒಳಗೆ ಒಬ್ಬ ಅಜ್ಜಿ ಮಡಿಸೀರೆ ಉಟ್ಟು, ತಲೆಗೂದಲಿನ್ನೂ ಆರದೆ, ಚಳಿಯಲ್ಲಿ ಕೈಕಟ್ಟಿ ನಿಂತಿದ್ದರು. ಹೆಸರು ತುಳಸಮ್ಮ, ಎಪ್ಪತ್ನಾಲ್ಕು ವರ್ಷ ಅಂತ ನನ್ನ ಪಟ್ಟಿಯಲ್ಲಿತ್ತು. ಜೊತೆಗೆ ಮೊಮ್ಮಗಳು ಅಕ್ಷಯಾ. ಚೀಲ ಎತ್ತಿಕೊಳ್ಳಲು ನಾನು ಒಳಗೆ ಹೋದೆ.

"ಎಲ್ಲಿಯೋನಪ್ಪ ನೀನು?" ಅಂದರು ಅಜ್ಜಿ.

"ಓಕಳಿಪುರಂ."

"ಯಾರ ಪೈಕಿ?"

"ನಮ್ಮಪ್ಪನ ಪೈಕಿ" ಅಂದೆ. ಆ ಪ್ರಶ್ನೆ ಎಲ್ಲಿ ಹೋಗಿ ನಿಲ್ಲುತ್ತದೆ ಅಂತ ನನಗೆ ಹುಟ್ಟಿದಾಗಿನಿಂದ ಗೊತ್ತು. ಅವರು ಮುಂದೆ ಕೇಳಲಿಲ್ಲ. ಗಂಟಲು ಒಣಗಿತ್ತು, ಕುಡಿಯಲು ನೀರು ಕೇಳಿದೆ. ತಂಬಿಗೆ ತಂದರು. ತಂಬಿಗೆ ನನ್ನ ಕೈಗೆ ಬರಲಿಲ್ಲ. ಬೊಗಸೆ ಒಡ್ಡು ಅಂತ ಸನ್ನೆ ಮಾಡಿ, ಒಂದು ಮೊಳ ಎತ್ತರದಿಂದ ಸುರಿದರು. ನೀರು ತಣ್ಣಗಿತ್ತು. ನನ್ನ ಕಿವಿ ಉರಿಯುತ್ತಿತ್ತು.

ಬಸ್ಸು ಹತ್ತುವ ಮೊದಲು ಅವರು ಕೈಯಲ್ಲಿದ್ದ ಪಂಚಾಂಗ ತೆರೆದು ಬೆರಳಿಟ್ಟರು. "ನೋಡಪ್ಪ, ಸಮುದ್ರಾನ ಯಾವತ್ತು ಬೇಕಾದ್ರೂ ನೋಡಬಹುದು. ಮುಟ್ಟೋದು ಮಾತ್ರ ಪರ್ವದಲ್ಲೇ. ಅಮಾವಾಸ್ಯೆ, ಹುಣ್ಣಿಮೆ, ಅಷ್ಟೆ. ಬೇರೆ ದಿನ ಮುಟ್ಟಿದ್ರೆ ದೋಷ. ಇವತ್ತಿನ ಹುಣ್ಣಿಮೆ ಮೂರು ಗಂಟೆ ಎಂಟು ನಿಮಿಷಕ್ಕೆ ಮುಗಿಯತ್ತೆ. ಅಷ್ಟರೊಳಗೆ ನನ್ನನ್ನ ನೀರಿಗೆ ಸೇರಿಸ್ಬೇಕು."

"ಎರಡೂವರೆಗೆಲ್ಲ ಅಲ್ಲಿರ್ತೀವಿ" ಅಂದೆ. ಸುಳ್ಳಲ್ಲ. ತೋಟದಿಂದ ಒಂಬತ್ತೂವರೆಗೆ ಬಿಟ್ಟರೆ ಎರಡೂವರೆಗೆ ಅಲೆ ಕಾಣುತ್ತದೆ.

"ಅಜ್ಜೀಗೆ ಮುಂದಿನ ತಿಂಗಳು ಎರಡೂ ಮಂಡಿ ಆಪರೇಷನ್ನು" ಅಂದಳು ಅಕ್ಷಯಾ ಮೆಲ್ಲಗೆ. "ಆಮೇಲೆ ಮರಳ ಮೇಲೆ ನಡೀಬಾರ್ದು ಅಂದಿದಾರೆ. ಪ್ಲೀಸ್, ಲೇಟ್ ಮಾಡ್ಬೇಡಿ."

ತೋಟ ತಲುಪಿದಾಗ ಬೆಳಕು ಇನ್ನೂ ಗಟ್ಟಿಯಾಗಿರಲಿಲ್ಲ. ಮಂಜು ನೆಲದಿಂದ ಮೊಣಕಾಲೆತ್ತರಕ್ಕೆ ಹಾಸಿತ್ತು. ಅದರ ಮೇಲೆ ದ್ರಾಕ್ಷಿಯ ಸಾಲುಗಳು, ಬುಡವಿಲ್ಲದ ಬಳ್ಳಿಗಳು, ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುತ್ತಿದ್ದವು. ಗೊಂಚಲುಗಳ ಮೇಲೆ ಹೊದಿಸಿದ್ದ ಬಲೆಯಲ್ಲಿ ಇಬ್ಬನಿ ಸಿಕ್ಕಿಕೊಂಡಿತ್ತು. ನಮ್ಮ ಹದಿನಾರು ಜನ ಸಾಲಿನೊಳಗೆ ನಡೆದು ಹೋದರು. ಒಬ್ಬೊಬ್ಬರೇ ಕಾಲಿಲ್ಲದವರಾಗಿ, ಆಮೇಲೆ ಬರೀ ಟೋಪಿಗಳಾಗಿ, ಕೊನೆಗೆ ಬರೀ ಮಾತುಗಳಾಗಿ ಉಳಿದರು. ಹನ್ನೊಂದು ಹುಣ್ಣಿಮೆ ಇದನ್ನು ನೋಡಿದ್ದೇನೆ. ಪ್ರತಿ ಸಲವೂ ಸ್ವಲ್ಪ ಹೊತ್ತು ನನ್ನ ಸಿಟ್ಟು ಎಲ್ಲಿಟ್ಟೆ ಅಂತ ಮರೆತುಹೋಗುತ್ತದೆ.

ನೆಲಮಾಳಿಗೆಯಲ್ಲಿ ಮರದ ಪೀಪಾಯಿಗಳು ಮಲಗಿದ್ದವು. ಅಲ್ಲಿ ಎಲ್ಲರೂ ತಾವಾಗಿಯೇ ದನಿ ತಗ್ಗಿಸುತ್ತಾರೆ, ಗರ್ಭಗುಡಿಗೆ ಬಂದವರ ಹಾಗೆ. ತುಳಸಮ್ಮ ಬಾಗಿಲಲ್ಲೇ ನಿಂತು ಮೂಗೆಳೆದರು. "ಹುಳಿ ಬಂದ ದೋಸೆಹಿಟ್ಟಿನ ವಾಸನೆ" ಅಂದರು. ಹೊರಗೆ ದೊಡ್ಡ ಮರದ ತೊಟ್ಟಿಯಲ್ಲಿ ದ್ರಾಕ್ಷಿ ಸುರಿದು, ಬಂದವರಿಂದ ತುಳಿಸುತ್ತಿದ್ದರು. ಬಸವನಗುಡಿಯ ಮಧುಸೂದನ್ ಅವರು, ರಿಟೈರ್ಡ್ ಹೆಡ್ ಕ್ಲರ್ಕು, ಪ್ಯಾಂಟು ಮಡಚಿ ತೊಟ್ಟಿಗಿಳಿದು ಮಗುವಿನ ಹಾಗೆ ಕೇಕೆ ಹಾಕಿದರು.

"ಬನ್ನಿ ತುಳಸಮ್ಮನೋರೇ, ತುಳೀರಿ!"

"ಕಾಲಲ್ಲಿ ತುಳಿದದ್ದನ್ನ ಬಾಯಲ್ಲಿ ಕುಡೀತೀರಾ?"

"ಮೂರು ವರ್ಷ ಬಿಟ್ಟು ಕುಡೀತಾರೆ!"

"ಹಾಗಾದ್ರೆ ಮೂರು ವರ್ಷ ಕಾಲು ತೊಳ್ಕೊಳ್ಳಿ" ಅಂದು ಅವರು ಬಳ್ಳಿಯ ನೆರಳಿನ ಕಲ್ಲುಬೆಂಚಿನ ಮೇಲೆ ಹೋಗಿ ಕೂತರು. ಪಂಚಾಂಗ ತೊಡೆಯ ಮೇಲೆ.

ಒಂಬತ್ತಕ್ಕೆ ರುಚಿ ನೋಡುವ ಕೊಠಡಿ ತೆರೆಯಿತು. ಒಂಬತ್ತೂಕಾಲಿಗೆ ಸಾರ್ ಫೋನು. "ಲೋಹಿತಾ, ಇನ್ನೊಂದು ಮುಕ್ಕಾಲು ಗಂಟೆ ಅಲ್ಲೇ ಬಿಡೋ. ಎರಡನೇ ರೌಂಡ್ ಕುಡಿದ್ಮೇಲೇನೇ ಜನ ಬಾಟ್ಲಿ ತಗೊಳ್ಳೋದು. ತೋಟದೋರು ನಮ್ಮನ್ನ ನೆನಪಿಟ್ಕೋಬೇಕು."

ಈ ಫೋನು ಪ್ರತಿ ಹುಣ್ಣಿಮೆಗೂ ಬರುತ್ತದೆ. ಮುಂದೆ ರಸ್ತೆ ಬಂದ್ ಅಂತೆ ಸಾರ್, ಟೋಲಲ್ಲಿ ಕ್ಯೂ ಅಂತೆ ಸಾರ್ ಅಂತ ಏನಾದರೂ ಹೇಳಿ ನಾನು ಹೊರಡಿಸಿಬಿಡುತ್ತೇನೆ. ಜನಕ್ಕೆ ಸಮುದ್ರ ಕಡಿಮೆಯಾಗಬಾರದು ಅನ್ನುವುದು ನನ್ನದೊಂದು ಹಟ. ಆವತ್ತು ಮಾತ್ರ "ಆಯ್ತು ಸಾರ್" ಅಂದೆ.

ಅಕ್ಷಯಾ ಮೂರು ಸಲ ಬಂದಳು. ಮೂರು ಸಲವೂ "ಐದೇ ನಿಮಿಷ ಮೇಡಂ" ಅಂದೆ. ಬಾಟಲಿಗಳಿಗೆ ಕಾಗದ ಸುತ್ತುವವರ ಪಕ್ಕದಲ್ಲಿ ನಿಂತು ನಾನೂ ನಿಧಾನಕ್ಕೆ ಒಂದೆರಡು ಸುತ್ತಿದೆ. ಬೆಂಚಿನ ಮೇಲೆ ಅಜ್ಜಿ ನನ್ನನ್ನೇ ನೋಡುತ್ತಿದ್ದರು. ನೋಡಲಿ ಅಂದುಕೊಂಡೆ. ನನ್ನ ಬೊಗಸೆಗೂ ನಿಮ್ಮ ತಂಬಿಗೆಗೂ ಎಷ್ಟು ದೂರವಿತ್ತೋ ಅಷ್ಟು ದೂರ ಇವತ್ತು ನಿಮಗೂ ಸಮುದ್ರಕ್ಕೂ ಇರಲಿ. ಹೀಗೆ ಅಂದುಕೊಂಡದ್ದು ನಿಜ.

ಹತ್ತೂಕಾಲಿಗೆ ಬಸ್ಸು ಹೊರಟಿತು.

ಬಿಸಿಲೇರಿತು. ಕುಡಿದವರು ಒಬ್ಬರ ಹೆಗಲಿಗೊಬ್ಬರು ಒರಗಿ ನಿದ್ದೆ ಹೋದರು. ಬಾಟಲಿಗಳು ಮೇಲಿನ ರ್‍ಯಾಕಿನಲ್ಲಿ ಮೆಲ್ಲಗೆ ಒಂದಕ್ಕೊಂದು ತಾಗಿ ಮಾತಾಡಿಕೊಳ್ಳುತ್ತಿದ್ದವು. ಮಧುಸೂದನ್ ಅವರ ಮಡಚಿದ ಪ್ಯಾಂಟಿನ ಕೆಳಗೆ ನೇರಳೆ ಬಣ್ಣದ ಪಾದಗಳು. ಹೊಸ ರಸ್ತೆ ಒಂದು ಉದ್ದನೆಯ ಬಿಳೀ ಬಟ್ಟೆಯ ಹಾಗೆ ಬಿಚ್ಚಿಕೊಳ್ಳುತ್ತಲೇ ಇತ್ತು. ಬಸ್ಸಿನಲ್ಲಿ ಎಚ್ಚರವಿದ್ದವರು ನಾಲ್ಕೇ ಜನ: ಓಬಳಪ್ಪ, ನಾನು, ಅಕ್ಷಯಾ, ಅವಳ ಅಜ್ಜಿ.

ಅಕ್ಷಯಾ ನನ್ನ ಸೀಟಿಗೆ ಬಂದು ಒಂದು ಡಬ್ಬಿ ಕೊಟ್ಟಳು. ಅವಲಕ್ಕಿ. "ಅಜ್ಜಿ ಕಳಿಸಿದ್ರು. ಬೆಳಗ್ಗಿಂದ ನೀವೇನೂ ತಿಂದಿಲ್ವಂತೆ."

"ಎಲೆ ಮೇಲೆ ಹಾಕಿ ನೆಲದ ಮೇಲೆ ಇಡಿ ಅನ್ನಲಿಲ್ವಾ?" ಅಂದುಬಿಟ್ಟೆ.

ಅವಳಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಮುಖ ಕೆಂಪಾಯಿತು. "ಅದಾ? ಮಾಘಮಾಸ ಪೂರ್ತಿ ಮಡಿ ಅವರು. ಸ್ನಾನ ಆದ್ಮೇಲೆ ಪೂಜೆ ಮುಗಿಯೋ ತನಕ ನನ್ನನ್ನೂ ಮುಟ್ಟಲ್ಲ. ಲೋಟಾನೂ ನೆಲದ ಮೇಲೆ ಇಟ್ಟು ತಳ್ತಾರೆ. ನಾನು ಜಗಳ ಆಡ್ತೀನಿ, ಅಮ್ಮ ಆಡ್ತಾರೆ." ಡಬ್ಬಿಯ ಮುಚ್ಚಳ ತಾನೇ ತೆಗೆದು, "ಆದ್ರೂ ಯಾರ ಪೈಕಿ ಅಂತ ಕೇಳಿದ್ದು ತಪ್ಪೇ." ಅಂದಳು.

ಅದರಿಂದ ನನ್ನ ಸಿಟ್ಟು ಕಡಿಮೆಯಾಗಲಿಲ್ಲ, ಜಾಗ ಬದಲಾಯಿಸಿತು. ಅಷ್ಟು ಹೊತ್ತು ಹಿಂದಿನ ಸೀಟಿನ ಕಡೆ ಮುಖ ಮಾಡಿದ್ದು ಈಗ ನನ್ನ ಕಡೆ ತಿರುಗಿ ಕೂತಿತು. ಅವಲಕ್ಕಿ ತಿಂದೆ. ಒಗ್ಗರಣೆ ಚೆನ್ನಾಗಿತ್ತು, ಅದಕ್ಕೂ ಸಿಟ್ಟು ಬಂತು.

ಡಬ್ಬಿ ಹಿಂದಿರುಗಿಸಲು ಹೋದೆ. ತುಳಸಮ್ಮ ಎದುರಿನ ಸೀಟು ತೋರಿಸಿದರು.

"ನೀನು ಸಮುದ್ರ ಎಷ್ಟು ಸಲ ಮುಟ್ಟಿದೀಯಪ್ಪ?"

"ಲೆಕ್ಕ ಇಲ್ಲ."

"ನಾನು ಒಂದು ಸಲ ನೋಡಿದೀನಿ. ನಲವತ್ತೊಂದು ವರ್ಷ ಆಯ್ತು. ನಮ್ಮನೆಯೋರು ಶ್ರೀನಿವಾಸಯ್ಯನೋರು ಮೇಷ್ಟ್ರು, ಸ್ಕೂಲು ಮಕ್ಕಳನ್ನ ಕರ್ಕೊಂಡು ಹೋಗಿದ್ರು, ಜೊತೆಗೆ ನಾನೂ. ಆವತ್ತು ದಶಮಿ. ಅವರು ಪಂಚೆ ಎತ್ತಿ ಕಟ್ಟಿ ಇಳಿದೇ ಬಿಟ್ರು. ಮುಟ್ಟೇ, ಯಾರು ನೋಡ್ತಾರೆ ಅಂದ್ರು. ನಾನು ಮುಟ್ಟಲಿಲ್ಲ. ರೈಲಲ್ಲಿ ಬರ್ತಾ ಕೇಳಿದ್ರು, ಹೇಗಿತ್ತೇ ಸಮುದ್ರ ಅಂತ. ನೀಲಿಯಾಗಿತ್ತು ಅಂದೆ. ಇಲ್ಲ ಕಣೇ, ಬೆಚ್ಚಗಿತ್ತು ಅಂದ್ರು." ಅವರು ಕಿಟಕಿಯ ಕಡೆ ತಿರುಗಿದರು. "ಅವರಿರೋ ತನಕ ಆ ಮಾತು ನಮ್ಮಿಬ್ಬರ ಮಧ್ಯೆ ಹಾಗೇ ಇತ್ತು. ನನ್ನ ಸಮುದ್ರ ನೀಲಿ, ಅವರ ಸಮುದ್ರ ಬೆಚ್ಚಗೆ. ಬೆಚ್ಚಗಿರತ್ತಾ ನಿಜವಾಗ್ಲೂ?"

"ಮಧ್ಯಾಹ್ನ ಹೊತ್ತು ಬೆಚ್ಚಗಿರುತ್ತೆ" ಅಂದೆ.

ಮುಂದೆ ಹೋಗಿ ಓಬಳಪ್ಪನ ಪಕ್ಕ ಕೂತೆ. "ಅಣ್ಣಾ, ಮೂರು ಎಂಟಕ್ಕೆ ನೀರು ಕಾಣ್ಬೇಕು."

"ಈಗ ಹೇಳ್ತೀಯಲ್ಲೋ ಮಗಾ! ತೋಟದಾಗೆ ಬಾಟ್ಲಿಗೆ ಸೀರೆ ಉಡಿಸ್ತಾ ನಿಂತಿದ್ದೆ, ಆವಾಗ ಏನಾಗಿತ್ತು ನಿಂಗೆ?"

"ಮೊದಲನೇ ಬೀಚು ಬಿಡು. ಯಾವುದು ಹತ್ರಾನೋ ಅಲ್ಲಿಗೇ ಹೊಡಿ."

"ರವಿ ಸಾರ್ ಬೈದ್ರೆ?"

"ನನ್ನ ಕೆಲಸ ಹೋದ್ರೆ ಹೋಗ್ಲಿ."

ಓಬಳಪ್ಪ ನನ್ನ ಮುಖವನ್ನೊಮ್ಮೆ ನೋಡಿ ಗೇರು ಬದಲಾಯಿಸಿದ. ಊಟಕ್ಕೂ ನಿಲ್ಲಿಸಲಿಲ್ಲ, ಎದ್ದವರಿಗೆಲ್ಲ ಬಾಳೆಹಣ್ಣು ಬಿಸ್ಕತ್ತು ಹಂಚಿದೆ. ಒಂದೂವರೆ. ಎರಡು ಹತ್ತು. ಮಹಾನಗರದ ಅಂಚು ಬಂತು, ಬಂದದ್ದೇ ಲಾರಿಗಳ ಹಿಂದೆ ಲಾರಿ. ಒಂದು ಮೇಲುಸೇತುವೆಯ ಕೆಲಸ ನಡೆಯುತ್ತಿದ್ದ ಕಡೆ ಇಪ್ಪತ್ತು ನಿಮಿಷ ಇರುವೆಯ ಹಾಗೆ ಹರಿದೆವು. ಅಷ್ಟರಲ್ಲಿ ಬಸ್ಸಿನವರಿಗೆಲ್ಲ ವಿಷಯ ಗೊತ್ತಾಗಿತ್ತು. ಹದಿನಾರು ಜನರೂ ಕತ್ತು ಚಾಚಿ ರಸ್ತೆ ನೋಡುತ್ತಿದ್ದರು. ಮಧುಸೂದನ್ ಅವರಂತೂ ಕಿಟಕಿಯಿಂದ ಕೈ ಹಾಕಿ ಆಟೋದವರಿಗೆ ಕನ್ನಡದಲ್ಲೇ ದಾರಿ ಬಿಡಿ ಅನ್ನುತ್ತಿದ್ದರು.

ಮೂರು ಗಂಟೆ ಆರು. ಒಂದು ಸಿಗ್ನಲ್ಲಿನಲ್ಲಿ ನಿಂತಿದ್ದೆವು. ಗಾಳಿ ಬದಲಾಯಿತು. ಉಪ್ಪಿನ ವಾಸನೆ ಮೊದಲು ಬಂತು, ಅದರ ಹಿಂದೆ, ದೂರದಲ್ಲಿ, ಯಾರೋ ಗೋಣಿ ಎಳೆಯುತ್ತಿರುವಂತೆ ಸದ್ದು. ಸಿಗ್ನಲ್ಲು ಕೆಂಪಗೇ ಇತ್ತು. ಮೂರು ಎಂಟು. ಮೂರು ಒಂಬತ್ತು.

ತುಳಸಮ್ಮ ಪಂಚಾಂಗ ಮುಚ್ಚಿದರು. "ಆಯ್ತು" ಅಂದರು. ಮಕ್ಕಳಿಗೆ ಪಾಠ ಮುಗಿಸಿದ ಹಾಗೆ, ಅಷ್ಟೇ ಮೆಲ್ಲಗೆ.

ಮೂರು ಹತ್ತೊಂಬತ್ತಕ್ಕೆ ಬಸ್ಸು ಮರಳಿನ ಅಂಚಿಗೆ ನಿಂತಿತು. ಎದುರಿಗೆ ಅದು ಇತ್ತು, ಇಡೀ ಆಕಾಶದ ಅಗಲ. ಯಾರೂ ಇಳಿಯಲಿಲ್ಲ.

"ತುಳಸಮ್ಮನೋರೇ, ಇಲ್ನೋಡಿ, ನನ್ನ ಫೋನಲ್ಲಿ ಹುಣ್ಣಿಮೆ ಮೂರು ನಲವತ್ತರ ತನಕ ಇದೆ!" ಅಂದರು ಮಧುಸೂದನ್.

"ಅದು ಯಾರ ಹುಣ್ಣಿಮೆಯೋ, ಅವರು ಮುಟ್ಟಲಿ. ನಮ್ಮ ಮಠದ ಪಂಚಾಂಗದ್ದು ಮುಗೀತು."

"ಅಯ್ಯೋ, ಹತ್ತು ನಿಮಿಷಕ್ಕೆ ಚಂದ್ರ ಏನು ಓಡ್ಹೋಗ್ತಾನ್ರೀ?"

"ನೀವು ಆಫೀಸಲ್ಲಿ ಐದೂ ಹತ್ತಕ್ಕೆ ಬಂದೋರಿಗೆ ಅರ್ಜಿ ತಗೋತಿದ್ರಾ?" ಅಂದರು ತುಳಸಮ್ಮ. ಮಧುಸೂದನ್ ಫೋನು ಜೇಬಿಗಿಳಿಸಿದರು. "ಎಲ್ಲರೂ ಹೋಗ್ಬನ್ನಿ. ನಾನು ಇಲ್ಲಿಂದ್ಲೇ ನೋಡ್ತೀನಿ. ಚೆನ್ನಾಗಿ ಕಾಣ್ತಿದೆ. ನೀಲಿಯಾಗಿದೆ."

ಒಬ್ಬೊಬ್ಬರೇ ಇಳಿದರು, ತಪ್ಪು ಮಾಡಿದವರ ಹಾಗೆ. ಅಕ್ಷಯಾ ಕಣ್ಣೊರೆಸಿಕೊಂಡು ಬಾಗಿಲಲ್ಲಿ ನಿಂತಳು. ತಪ್ಪು ಮಾಡಿದವನು ನಾನು, ನಾನು ಮಾತ್ರ ಇಳಿಯಲಿಲ್ಲ.

"ಅಜ್ಜಿ, ಹತ್ತಿರದಿಂದ ನೋಡಿದ್ರೆ ದೋಷ ಇದೆಯಾ?" ಅಂದೆ.

"ನೋಡೋದಕ್ಕೆ ಏನು ದೋಷ?"

"ಹಾಗಾದ್ರೆ ಏಳಿ. ನೋಡೋರು ಬಸ್ಸಲ್ಲಿ ಕೂತು ನೋಡಲ್ಲ."

ನಾನು ಈ ಕೆಲಸದಲ್ಲಿ ಕಲಿತದ್ದು ಒಂದೇ ವಿದ್ಯೆ. ಬೀಚಿಗೆ ಇಳಿದ ಕೂಡಲೇ ಮರಳಿನ ಬಣ್ಣ ನೋಡಬೇಕು. ನೀರು ಎಲ್ಲಿಯವರೆಗೆ ಬಂದು ಹೋಗಿದೆಯೋ ಅಲ್ಲಿಯವರೆಗೆ ಮರಳು ಕಪ್ಪಗೆ, ಗಟ್ಟಿಯಾಗಿ ಇರುತ್ತದೆ. ಜನರ ಚಪ್ಪಲಿ ಚೀಲಗಳನ್ನು ಆ ಗೆರೆಯಿಂದ ಹತ್ತು ಹೆಜ್ಜೆ ಮೇಲೆ ಇಡಿಸಬೇಕು. ಹುಣ್ಣಿಮೆಯ ದಿನ ಇಪ್ಪತ್ತು ಹೆಜ್ಜೆ, ಏಕೆಂದರೆ ಆವತ್ತು ಕಡಲು ಉಬ್ಬಿರುತ್ತದೆ. ಸಣ್ಣ ಅಲೆಗಳು ಎಷ್ಟೋ ಬಂದು ಅರ್ಧಕ್ಕೇ ವಾಪಸ್ಸಾಗುತ್ತವೆ. ನಡುವೆ ಒಂದು ಬರುತ್ತದೆ, ಯಾರನ್ನೂ ಕೇಳದೆ, ಗೆರೆಯವರೆಗೂ.

ಅವರು ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಮೊಮ್ಮಗಳ ಭುಜ ಹಿಡಿದು ಬಂದರು. ಮೆತ್ತನೆ ಮರಳಿನಲ್ಲಿ ಹತ್ತು ಹೆಜ್ಜೆಗೊಮ್ಮೆ ನಿಂತರು. ನಾನು ಮುಂದೆ ನಡೆದೆ. ಒಣಮರಳು ಮುಗಿಯಿತು. ಕಪ್ಪು ಮರಳು ಶುರುವಾಯಿತು. ಅದರೊಳಗೆ ಆರು ಹೆಜ್ಜೆ ಇಟ್ಟು ಹಿಂದಿರುಗಿ ನೋಡಿದೆ.

"ಇಲ್ಲಿ ನಿಂತ್ಕೊಳ್ಳಿ. ಇಲ್ಲಿಂದ ಚೆನ್ನಾಗಿ ಕಾಣುತ್ತೆ. ನೀರು ಇಲ್ಲಿಗೆಲ್ಲ ಬರಲ್ಲ."

ತುಳಸಮ್ಮ ಕೋಲಿನ ತುದಿಯಿಂದ ಮರಳನ್ನು ಒತ್ತಿದರು. ಗುಳಿಯಲ್ಲಿ ನೀರು ಒಸರಿತು.

"ಇಲ್ಲಿ ಒದ್ದೆ ಇದೆಯಲ್ಲಪ್ಪ."

"ಯಾರೋ ನೀರು ಚೆಲ್ಲಿರ್ಬೇಕು."

"ಸಮುದ್ರದ ಪಕ್ಕದಲ್ಲಿ ಬಂದು ಯಾರು ನೀರು ಚೆಲ್ತಾರೆ?"

"ಬೆಂಗಳೂರಿನೋರು. ಬಾಟ್ಲಿ ಹಿಡ್ಕೊಂಡೇ ಓಡಾಡ್ತಾರೆ."

ಅವರು ನನ್ನನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಚಪ್ಪಲಿ ಕಳಚಿ ಅಕ್ಷಯಾಳ ಕೈಗೆ ಕೊಟ್ಟು, "ನೀನು ಆ ಕಡೆ ಹೋಗು, ಫೋಟೋ ತೆಗಿ" ಅಂದರು. ಬರಿಗಾಲಿನಲ್ಲಿ ನನ್ನ ಪಕ್ಕಕ್ಕೆ ಬಂದು, ಕಡಲಿಗೆ ಎದುರಾಗಿ, ಕೈಮುಗಿದು ನಿಂತರು.

ಒಂದು ಅಲೆ ಬಂತು, ಅರ್ಧಕ್ಕೆ ಹೋಯಿತು. ಇನ್ನೊಂದು. ಬಿಸಿಲು ನೀರಿನ ಮೇಲೆ ಪುಡಿಪುಡಿಯಾಗಿ ಬಿದ್ದಿತ್ತು. ನನಗೆ ಇಡೀ ದಿನ ಕನಸಿನ ಹಾಗನ್ನಿಸಿತು. ಬುಡವಿಲ್ಲದ ಬಳ್ಳಿಗಳು, ಮಲಗಿದ ಪೀಪಾಯಿಗಳು, ನಿದ್ದೆಯ ಬಸ್ಸು ಎಲ್ಲವೂ ಇಲ್ಲಿಗೆ ಬಂದು ಸೇರಲೆಂದೇ ಹೊರಟಿದ್ದಂತೆ. ಈ ಒಂದು ಸಲ ಅದು ಬರದೆ ಹೋದರೆ? ಜೀವಮಾನದಲ್ಲಿ ಯಾವ ದೇವರಿಗೂ ಕೈಮುಗಿದವನಲ್ಲ ನಾನು. ಬಾರೋ ಅಂದೆ ಒಳಗೇ, ಬೈಗುಳ ಸೇರಿಸಿ.

ಅದು ಬಂತು. ದೊಡ್ಡ ಸದ್ದೇನೂ ಇಲ್ಲ. ತೆಳ್ಳಗೆ, ಚಾಪೆ ಬಿಚ್ಚಿದ ಹಾಗೆ, ನೊರೆಯ ಅಂಚು ಹೊಳೆಯುತ್ತ ಮರಳಿನ ಮೇಲೆ ಹತ್ತಿ ಹತ್ತಿ ಬಂದು ಅವರ ಬೆರಳಿಗೆ ತಾಗಿತು, ಹಿಮ್ಮಡಿ ದಾಟಿತು, ಸೀರೆಯ ಅಂಚನ್ನು ಎತ್ತಿ ಹಿಡಿಯಿತು.

ತುಳಸಮ್ಮ ಕದಲಲಿಲ್ಲ. "ನಾನು ಮುಟ್ಟಲಿಲ್ಲ" ಅಂದರು, ಉಸಿರು ಕಟ್ಟಿದ ದನಿಯಲ್ಲಿ. "ಅದೇ ಬಂದು ಮುಟ್ತು."

"ಹೌದು" ಅಂದೆ. ಅಷ್ಟಕ್ಕೇ ಬಿಡಬೇಕಿತ್ತು, ಆಗಲಿಲ್ಲ. "ನಮ್ಮಜ್ಜಿ ನಿಮ್ಮಂಥೋರ ಮನೆ ಹಿತ್ತಲು ಗುಡಿಸ್ತಿದ್ರು. ಒಂದ್ಸಲ ಗಾಳಿಗೆ ಅವರ ಸೆರಗು ಹೋಗಿ ಒಣಗಾಕಿದ್ದ ಬಟ್ಟೆಗೆ ತಾಗ್ತಂತೆ. ನಾನು ಮುಟ್ಟಲಿಲ್ಲ, ಗಾಳಿ ಮುಟ್ಟಿಸ್ತು ಅಂದ್ರೆ ಯಾರೂ ಕೇಳಲಿಲ್ಲವಂತೆ. ಕೆಲಸ ಬಿಡಿಸಿದ್ರು."

ನೀರು ಹಿಂದಕ್ಕೆ ಹೋಗತೊಡಗಿತು.

"ಇನ್ನೊಂದು. ತೋಟದಲ್ಲಿ ಮುಕ್ಕಾಲು ಗಂಟೆ ನಾನು ಬೇಕಂತಲೇ ತಡ ಮಾಡಿದ್ದು. ಸಾರ್ ಹೇಳಿದ್ರು ನಿಜ. ಆದ್ರೆ ನಾನು ಯಾವತ್ತೂ ಅವರ ಮಾತು ಕೇಳಲ್ಲ. ಇವತ್ತು ಕೇಳ್ದೆ."

"ನೋಡ್ತಿದ್ದೆ" ಅಂದರು ತುಳಸಮ್ಮ. "ನೀನು ಬಾಟ್ಲಿ ಸುತ್ತುತಿರೋದನ್ನ. ಅಷ್ಟು ನಿಧಾನಕ್ಕೆ ಕೈ ಆಡ್ಬೇಕು ಅಂದ್ರೆ ಒಳಗೆ ಎಷ್ಟು ಕೋಪ ಇರ್ಬೇಕು ಅಂದ್ಕೊಂಡೆ. ಎದ್ದು ಬಂದು ಕೇಳ್ಬಹುದಿತ್ತು. ಕೇಳಲಿಲ್ಲ." ಕೋಲನ್ನು ಮತ್ತೆ ಮರಳಿಗೆ ಊರಿ, "ನಿಮ್ಮಜ್ಜಿ ಇದ್ದಾರಾ?" ಅಂದರು.

"ಇಲ್ಲ."

"ಹೆಸರು?"

"ನಾರಾಯಣಮ್ಮ."

ಅವರು ಆ ಹೆಸರನ್ನು ಒಂದು ಸಲ ತಮ್ಮೊಳಗೇ ಹೇಳಿಕೊಂಡರು. ತುಟಿ ಅಲುಗಿದ್ದು ಕಂಡಿತು, ಕೇಳಿಸಲಿಲ್ಲ.

ಇಳಿಯುವ ನೀರು ಅವರ ಪಾದದಡಿಯ ಮರಳನ್ನು ಕದ್ದುಕೊಂಡು ಹೋಗುತ್ತಿತ್ತು. ಅವರು ತೂರಾಡಿದರು, ಕೋಲು ಜಾರಿತು. ನಾನು ಹಿಡಿಯಲೋ ಬೇಡವೋ ಅಂತ ಯೋಚಿಸುವ ಮೊದಲೇ ಅವರ ಐದೂ ಬೆರಳು ನನ್ನ ಮುಂಗೈಯಲ್ಲಿ ಊರಿದ್ದವು. ನೋವಾಗುವಷ್ಟು ಗಟ್ಟಿ.

"ನೆಲ ಜಾರ್ತಿದೆ ಕಣಪ್ಪ."

"ಜಾರಲ್ಲ ಅಜ್ಜಿ. ಸ್ವಲ್ಪ ಒಳಗೆ ಇಳಿಸುತ್ತೆ, ಅಷ್ಟೆ. ಗಟ್ಟಿಯಾಗಿ ನಿಂತ್ಕೊಳ್ಳಿ."

ಅಷ್ಟು ದೂರದಲ್ಲಿ ಅಕ್ಷಯಾ ಫೋಟೋ ತೆಗೆಯುವುದನ್ನು ಮರೆತು ನಿಂತಿದ್ದಳು. ಮಧುಸೂದನ್ ಅವರು ನೇರಳೆ ಕಾಲುಗಳನ್ನು ಸಮುದ್ರದಲ್ಲಿ ತಿಕ್ಕಿ ತೊಳೆಯುತ್ತಿದ್ದರು. ಕಡಲು ದೂರದಲ್ಲಿ ಮತ್ತೆ ಒಮ್ಮೆ ಬೆನ್ನು ಎತ್ತಿತು.

"ಇನ್ನೊಂದು ಬರ್ತಿದೆ" ಅಂದೆ. "ದೊಡ್ಡದು. ಹಿಂದಕ್ಕೆ ಹೋಗೋಣವಾ?"

ಅವರು ಕಾಲು ಕೀಳಲಿಲ್ಲ, ಕೈಯನ್ನೂ ಬಿಡಲಿಲ್ಲ. ಆ ಹೊತ್ತಿಗೆ ನಾವಿಬ್ಬರೂ ಒಂದೇ ಆಳಕ್ಕೆ, ನಾಲ್ಕು ಬೆರಳಷ್ಟು, ಮರಳೊಳಗೆ ಇಳಿದಿದ್ದೆವು.

"ಬೆಚ್ಚಗೇ ಇದೆ" ಅಂದರು ತುಳಸಮ್ಮ.